ಕನ್ನಡ ಹಾಡು ಮತ್ತು ಡಿಜಿಟಲ್ ಮಾರುಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾವಗೀತೆ, ವಚನ, ದೇವರನಾಮ, ಜಾನಪದ ಅಥವಾ ಸ್ವಂತ ಹಾಡನ್ನು ರೆಕಾರ್ಡ್ ಮಾಡಿ ಜನರಿಗೆ ತಲುಪಿಸಲು ಹೊರಟವರಿಗಾಗಿ ಈ ಪುಟ. ಗಾಯಕರು, ಕವಿಗಳು, ರಾಗ ಸಂಯೋಜಕರು, ಹಳೆಯ ಕ್ಯಾಸೆಟ್ ಇಟ್ಟುಕೊಂಡ ಕುಟುಂಬದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮೊದಲು ಕ್ಯಾಸೆಟ್ ಮಾಡಿ ಅಂಗಡಿಗೆ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ ನಿಜಕ್ಕೂ ಬದಲಾಗಿರುವುದು ಏನು?

ಆಗ ಮಾರುತ್ತಿದ್ದುದು ಒಂದು ವಸ್ತು. ಕೊಂಡವರು ಒಮ್ಮೆ ಕೇಳಿದರೂ ಸಾವಿರ ಸಲ ಕೇಳಿದರೂ ಕಂಪನಿಗೆ ಬರುತ್ತಿದ್ದ ಹಣ ಅಷ್ಟೇ. ಈಗ ಮಾರಾಟವಾಗುವುದು ಕೇಳುವಿಕೆ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ದಾಟಿದರೆ ಒಂದು ಸ್ಟ್ರೀಮ್, 28ನೇ ಸೆಕೆಂಡಿಗೆ ಮುಂದಕ್ಕೆ ಹೋದರೆ ಸೊನ್ನೆ. ಅಂತರರಾಷ್ಟ್ರೀಯ ಧ್ವನಿಮುದ್ರಣ ಉದ್ಯಮ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಇಡೀ ಪ್ರಪಂಚದ ರೆಕಾರ್ಡೆಡ್ ಸಂಗೀತದ ಆದಾಯ 29.6 ಬಿಲಿಯನ್ ಡಾಲರ್. ಅದರಲ್ಲಿ 69 ಶೇಕಡಾ ಸ್ಟ್ರೀಮಿಂಗ್‌ನದು.

ಇದರಿಂದ ಎರಡು ಪರಿಣಾಮ. ಹತ್ತು ವರ್ಷ ಹಳೆಯ ಹಾಡೂ ಪ್ರತಿ ತಿಂಗಳು ಒಂದಿಷ್ಟು ಗಳಿಸುತ್ತಿರಬಹುದು, ಅಂಗಡಿಯ ಕಪಾಟಿನಿಂದ ಯಾರೂ ಅದನ್ನು ಕೆಳಗಿಳಿಸುವುದಿಲ್ಲ. ಆದರೆ ಆ ಹಣ ಯಾರ ಹೆಸರು ಎಲ್ಲಿ ನಮೂದಾಗಿದೆಯೋ ಅವರಿಗೇ ಹೋಗುತ್ತದೆ. ಕ್ಯಾಸೆಟ್ ಹೊದಿಕೆಯ ಮೇಲೆ ಕವಿಯ ಹೆಸರು ಬಿಟ್ಟುಹೋದರೆ ಅದು ಅಗೌರವ. ಹಾಡು ಅಪ್‌ಲೋಡ್ ಮಾಡುವಾಗ ತುಂಬುವ ನಮೂನೆಯಲ್ಲಿ ಬಿಟ್ಟುಹೋದರೆ ಅಗೌರವದ ಜೊತೆಗೆ ನಷ್ಟ. ಕನ್ನಡದಲ್ಲಿ ಕವಿಗಳು, ಸಂಯೋಜಕರು ಪಡೆಯಬೇಕಾದ ಹಣ ಹೀಗೆ ತುಂಬದೆ ಬಿಟ್ಟ ಖಾನೆಗಳಲ್ಲಿ ಸೋರಿಹೋಗಬಹುದು.

30 ಸೆಕೆಂಡಿನ ಲೆಕ್ಕಕ್ಕಾಗಿ ಆರಂಭದ ಆಲಾಪ ಕತ್ತರಿಸಬೇಕೇ?

ಬೇಡ. ಕೇಳುಗರು ಎದ್ದುಹೋಗುವುದು ಆಲಾಪಕ್ಕಲ್ಲ, ಏನೂ ನಡೆಯದ 20 ಸೆಕೆಂಡಿನ ಸಿಂಥಸೈಜರ್ ಹಿನ್ನೆಲೆಗೆ. ಆಲಾಪ ಚೆನ್ನಾಗಿದ್ದರೆ ಹಾಗೇ ಇರಲಿ. ಫೈಲಿನ ತಲೆಯಲ್ಲಿ ಉಳಿದ ಖಾಲಿ ನಿಶ್ಶಬ್ದವನ್ನು ಮಾತ್ರ ಅರ್ಧ ಸೆಕೆಂಡಿಗೆ ಇಳಿಸಿ.

ಒಂದು ಹಾಡಿನಲ್ಲಿ ಎಷ್ಟು ಹಕ್ಕುಗಳಿವೆ?

ಮೊದಲನೆಯದು ಕೃತಿ, ಅಂದರೆ ಸಾಹಿತ್ಯ ಮತ್ತು ರಾಗ ಸಂಯೋಜನೆ. ಇದು ಕವಿ ಹಾಗೂ ಸಂಯೋಜಕರದು. ಎರಡನೆಯದು ಮಾಸ್ಟರ್, ಅಂದರೆ ಸ್ಟುಡಿಯೋದಲ್ಲಿ ತಯಾರಾದ ಆ ನಿರ್ದಿಷ್ಟ ಧ್ವನಿಮುದ್ರಣ. ಇದು ಸಾಮಾನ್ಯವಾಗಿ ದುಡ್ಡು ಹಾಕಿದವರದು. ಇವೆರಡರ ಪಕ್ಕದಲ್ಲಿ, ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಎಂಬ ಮೂರನೆಯದೊಂದಿದೆ. ಅದರ ಅವಧಿ 50 ವರ್ಷ.

ಹಾಡನ್ನು ಸ್ಟ್ರೀಮಿಂಗ್ ವೇದಿಕೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ನಿಮಗೆ ಕಳಿಸುವುದು ಮಾಸ್ಟರ್‌ನ ಹಣ ಮಾತ್ರ. ಕೃತಿಯ ಹಣ ಬೇರೆ ದಾರಿಯಲ್ಲಿ ಬರುತ್ತದೆ. ಆ ದಾರಿ ಯಾವುದೆಂದು ಮುಂದೆ ಹೇಳಿದೆ.

ಯಾವ ಕವಿಯ ಸಾಹಿತ್ಯವನ್ನು ಅನುಮತಿಯಿಲ್ಲದೆ ಹಾಡಬಹುದು?

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿ ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬಸವಣ್ಣ, ಅಕ್ಕಮಹಾದೇವಿ, ಪುರಂದರದಾಸರು, ಕನಕದಾಸರು, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು ಎಲ್ಲರ ಸಾಹಿತ್ಯವೂ ಮುಕ್ತ. ಪಂಜೆ ಮಂಗೇಶರಾಯರು (1937) ಮತ್ತು ಬಿ.ಎಂ.ಶ್ರೀ (1946) ಕೂಡ ಮುಕ್ತ. ಗೋವಿಂದ ಪೈ ನಿಧನರಾದದ್ದು 1963ರಲ್ಲಿ, ಹಾಗಾಗಿ ಅವರ ಕವಿತೆಗಳು 2024ರ ಜನವರಿ 1ರಿಂದ ಮುಕ್ತವಾಗಿವೆ.

ಉಳಿದವರಿಗೆ ಕಾಯಬೇಕು, ಇಲ್ಲವೇ ಕುಟುಂಬದಿಂದ ಅಥವಾ ಹಕ್ಕು ಪಡೆದವರಿಂದ ಲಿಖಿತ ಅನುಮತಿ ತೆಗೆದುಕೊಳ್ಳಬೇಕು. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಹಕ್ಕು 2035ರ ಕೊನೆಯವರೆಗೆ. ಬೇಂದ್ರೆ 1981, ಹಕ್ಕು 2041ರವರೆಗೆ. ಕುವೆಂಪು 1994, ಹಕ್ಕು 2054ರವರೆಗೆ. ಕೆ.ಎಸ್. ನರಸಿಂಹಸ್ವಾಮಿ 2003, ಹಕ್ಕು 2063ರವರೆಗೆ. ಜಿ.ಎಸ್. ಶಿವರುದ್ರಪ್ಪ 2013, ಹಕ್ಕು 2073ರವರೆಗೆ.

ಹೆಚ್ಚಿನವರು ಎಡವುವುದು ರಾಗದಲ್ಲಿ. ಶರೀಫರ ಪದ ಮುಕ್ತ, ಸರಿ. ಆದರೆ ನಿಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಸಿ. ಅಶ್ವತ್ಥ್ ಅವರ ಸಂಯೋಜನೆಯಾಗಿದ್ದರೆ, ಅವರು ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಆ ಧಾಟಿಯ ಹಕ್ಕು 2069ರವರೆಗೂ ಇರುತ್ತದೆ. ಮೈಸೂರು ಅನಂತಸ್ವಾಮಿ ಅವರ ಸಂಯೋಜನೆಗಳದ್ದು 2055ರವರೆಗೆ. ಹಳೆಯ ಪದಕ್ಕೆ ಹೊಸ ರಾಗ ಹಾಕಿ ಹಾಡಿದರೆ ಯಾರ ಅನುಮತಿಯೂ ಬೇಡ, ಆ ರಾಗದ ಹಕ್ಕು ನಿಮ್ಮದೇ ಆಗುತ್ತದೆ.

ಹಳೆಯ ಸಿನಿಮಾ ಹಾಡನ್ನು ಮತ್ತೆ ಹಾಡಿ ಬಿಡುಗಡೆ ಮಾಡಬಹುದೇ?

ಕಾಯಿದೆಯ 31ಸಿ ಕಲಮಿನಲ್ಲಿ ಕವರ್ ಆವೃತ್ತಿಗೆ ದಾರಿಯಿದೆ. ಮೂಲ ಧ್ವನಿಮುದ್ರಣ ಮಾಡಿದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಮುಂಚಿತವಾಗಿ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಕ್ಯಾಸೆಟ್ ಕಾಲದ ಲೆಕ್ಕ ಇದು, ಒಬ್ಬ ಗಾಯಕರಿಗೆ ಎಟುಕುವಂಥದ್ದಲ್ಲ. ಆಡಿಯೋ ಕಂಪನಿಯಿಂದ ನೇರವಾಗಿ ಲೈಸೆನ್ಸ್ ಪಡೆಯುವುದೇ ಕಾರ್ಯಸಾಧ್ಯ. ಕರೋಕೆ ಟ್ರ್ಯಾಕ್ ಮೇಲೆ ಹಾಡಿದರೆ ಆ ಟ್ರ್ಯಾಕ್ ಇನ್ನೊಬ್ಬರ ಮಾಸ್ಟರ್ ಎಂಬುದೂ ನೆನಪಿರಲಿ.

ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್ ಮ್ಯೂಸಿಕ್‌ಗೆ ನೇರವಾಗಿ ಅಪ್‌ಲೋಡ್ ಮಾಡಬಹುದೇ?

ಸಾಮಾನ್ಯ ಕಲಾವಿದರಿಗೆ ಆ ಬಾಗಿಲು ಇಲ್ಲ, ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಕೆಲವರು ವರ್ಷಕ್ಕಿಷ್ಟು ಎಂದು ಶುಲ್ಕ ಪಡೆದು ರಾಯಧನ ಪೂರ್ತಿ ಕೊಡುತ್ತಾರೆ. ಕೆಲವರು ಪ್ರತಿ ಬಿಡುಗಡೆಗೆ ಒಂದೇ ಸಲ ಹಣ ಪಡೆದು ಸಣ್ಣ ಪಾಲು ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಮೊದಲಿಗೆ ಏನೂ ಕೇಳದೆ ಗಳಿಕೆಯಲ್ಲಿ ಪಾಲು ಹಿಡಿಯುತ್ತಾರೆ.

ಸೇರುವ ಮುನ್ನ ನಾಲ್ಕು ವಿಷಯ ಕೇಳಿ. ವಾರ್ಷಿಕ ಶುಲ್ಕ ನಿಂತರೆ ಹಾಡು ಇಳಿಯುತ್ತದೆಯೇ? ಬೇರೆಯವರ ವಿಡಿಯೋದಲ್ಲಿ ನಿಮ್ಮ ಹಾಡನ್ನು ಪತ್ತೆಹಚ್ಚುವ ಯೂಟ್ಯೂಬ್ ಕಂಟೆಂಟ್ ಐಡಿಗೆ ಪ್ರತ್ಯೇಕ ಶುಲ್ಕ ಅಥವಾ ಪಾಲು ಇದೆಯೇ? ಭಾರತದ ಬ್ಯಾಂಕ್ ಖಾತೆಗೆ ಹಣ ಹಾಕಲು ಕನಿಷ್ಠ ಮೊತ್ತ ಎಷ್ಟು? ಬಿಟ್ಟುಹೋಗಲು ಎಷ್ಟು ದಿನದ ನೋಟಿಸ್? ಎರಡು ಮೂರು ಹಾಡು ಮಾಡಿ ನಿಲ್ಲಿಸುವವರಿಗೆ ಒಂದೇ ಸಲದ ಶುಲ್ಕ ಅಥವಾ ಪಾಲಿನ ವ್ಯವಸ್ಥೆಯೇ ಸರಿ. ವಾರ್ಷಿಕ ಶುಲ್ಕದ ಬಗೆಯಲ್ಲಿ, ಕಲಾವಿದರು ತೀರಿಕೊಂಡು ಕಾರ್ಡ್ ರದ್ದಾದಾಗ ಹಾಡುಗಳೂ ಮಾಯವಾಗುತ್ತವೆ. ಮನೆಯವರಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಆಡಿಯೋ ಮತ್ತು ಮುಖಪುಟ ಹೇಗಿರಬೇಕು?

ಆಡಿಯೋ ವೇವ್ ಫೈಲ್ ಆಗಿರಲಿ, 44.1 ಕಿಲೋಹರ್ಟ್ಸ್, 16 ಅಥವಾ 24 ಬಿಟ್. ಎಂಪಿ3ಯನ್ನು ವೇವ್‌ಗೆ ಪರಿವರ್ತಿಸಿ ಕಳಿಸಬೇಡಿ, ಕಳೆದುಹೋದ ಧ್ವನಿ ಹಿಂದಿರುಗುವುದಿಲ್ಲ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಜೋರಿನ ಅಳತೆ) ಮಟ್ಟಕ್ಕೆ ಸಮ ಮಾಡುತ್ತದೆ, ಆ್ಯಪಲ್ ಮೈನಸ್ 16ಕ್ಕೆ. ಮೈನಸ್ 8ಕ್ಕೆ ಒತ್ತಿ ಜೋರು ಮಾಡಿದ ಮಾಸ್ಟರ್ ಅನ್ನು ಸ್ಪಾಟಿಫೈ 6 ಡೆಸಿಬೆಲ್ ಕೆಳಗಿಳಿಸುತ್ತದೆ. ಆಗ ತಬಲದ ಪೆಟ್ಟು ಚಪ್ಪಟೆಯಾಗಿಯೇ ಉಳಿಯುತ್ತದೆ, ಜೋರು ಮಾತ್ರ ಹೋಗುತ್ತದೆ. ಟ್ರೂ ಪೀಕ್, ಅಂದರೆ ದನಿಯ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬೆಲ್ ದಾಟದಿರಲಿ.

ಮುಖಪುಟ 3000 ಗುಣಿಸು 3000 ಪಿಕ್ಸೆಲ್‌ನ ಚೌಕ. ಫೋನ್ ನಂಬರ್, ವೆಬ್ ವಿಳಾಸ, ಯೂಟ್ಯೂಬ್ ಚಿಹ್ನೆ, ಪ್ರಾಯೋಜಕರ ಲೋಗೋ ಇದ್ದರೆ ತಿರಸ್ಕೃತವಾಗುತ್ತದೆ. ಕ್ಯಾಸೆಟ್ ಹೊದಿಕೆಯ ಅಭ್ಯಾಸದಲ್ಲಿ ಎಲ್ಲವನ್ನೂ ತುಂಬುವ ವಿನ್ಯಾಸಗಾರರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಡಬಹುದೇ?

ನಿಮ್ಮ ಡಿಸ್ಟ್ರಿಬ್ಯೂಟರ್ ಒಪ್ಪಿದರೆ ಖಂಡಿತ ಕೊಡಿ, ಆದರೆ ಯೂನಿಕೋಡ್‌ನಲ್ಲಿ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ನಮೂನೆಗೆ ಅಂಟಿಸಿದರೆ ಪರದೆಯ ಮೇಲೆ ಪೌಂಡ್ ಚಿಹ್ನೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಸರಳ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ, ಅಲ್ಲಿ ಸರಿಯಿದ್ದರೆ ಮಾತ್ರ ಮುಂದುವರಿಯಿರಿ.

ಇನ್ನೊಂದು ಸೂಕ್ಷ್ಮ ತೊಡಕು ಕಣ್ಣಿಗೆ ಕಾಣದ ಅಕ್ಷರದ್ದು. ‘ರಾಜ್‌ಕುಮಾರ್’ ಎಂದು ಜ್ ಅನ್ನು ಬಿಡಿಸಿ ಬರೆಯಲು ಕೀಲಿಮಣೆ ನಡುವೆ ಒಂದು ಅದೃಶ್ಯ ಅಕ್ಷರ ಸೇರಿಸುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಯಂತ್ರಕ್ಕೆ ಇವೆರಡೂ ಬೇರೆ ಹೆಸರು. ಇಂಗ್ಲಿಷಿನಲ್ಲೂ ಹಾಗೇ: ಅಶ್ವಥ್, ಅಶ್ವತ್ಥ್, ಅಶ್ವತ್ ಎಂದು ಮೂರು ಬಗೆಯ ಕಾಗುಣಿತ ಬಳಸಿದರೆ ಒಬ್ಬರೇ ಗಾಯಕರು ಮೂರು ಪ್ರೊಫೈಲ್‌ಗಳಲ್ಲಿ ಹಂಚಿಹೋಗುತ್ತಾರೆ. ಮಂಜುನಾಥ್, ಶ್ರೀಧರ್‌ನಂಥ ಸಾಮಾನ್ಯ ಹೆಸರಾದರೆ ನಿಮ್ಮ ಹಾಡು ಬೇರೊಬ್ಬರ ಪುಟಕ್ಕೆ ಹೋಗಿ ಕೂರುತ್ತದೆ. ಇನಿಷಿಯಲ್ ಅಥವಾ ಊರಿನ ಹೆಸರು ಸೇರಿಸಿ ಒಂದೇ ರೂಪ ನಿಗದಿ ಮಾಡಿಕೊಳ್ಳಿ. ಎರಡನೇ ಬಿಡುಗಡೆಯಿಂದ ಆಚೆ ನಿಮ್ಮ ಸ್ಪಾಟಿಫೈ ಮತ್ತು ಆ್ಯಪಲ್ ಕಲಾವಿದರ ಪುಟದ ಕೊಂಡಿಯನ್ನು ಡಿಸ್ಟ್ರಿಬ್ಯೂಟರ್‌ಗೆ ಕೊಡಿ.

ವಚನಕ್ಕೆ ಸಾಹಿತ್ಯದ ಖಾನೆಯಲ್ಲಿ ಬಸವಣ್ಣನ ಹೆಸರಿರಲಿ, ಕಲಾವಿದರ ಖಾನೆಯಲ್ಲಿ ಬೇಡ. ಜಾನಪದ ಹಾಡಾದರೆ ರಾಗದ ಖಾನೆಯಲ್ಲಿ ‘ಸಾಂಪ್ರದಾಯಿಕ’ ಎಂದೇ ಬರೆಯಿರಿ. ಊರಿನ ಹಿರಿಯರಿಂದ ಕಲಿತ ಧಾಟಿಗೆ ಸಂಯೋಜಕರೆಂದು ತಮ್ಮ ಹೆಸರು ಹಾಕಿಕೊಳ್ಳುವುದು ತಪ್ಪು, ನೋಡುವವರು ಯಾರೂ ಇಲ್ಲದಿದ್ದರೂ ತಪ್ಪೇ.

ಐಎಸ್‌ಆರ್‌ಸಿ ಅಂದರೇನು?

ಒಂದೊಂದು ಧ್ವನಿಮುದ್ರಣಕ್ಕೂ ಇರುವ 12 ಅಕ್ಷರ-ಅಂಕಿಗಳ ಗುರುತು: ಎರಡು ದೇಶಕ್ಕೆ, ಮೂರು ನೋಂದಾಯಿತರಿಗೆ, ಎರಡು ವರ್ಷಕ್ಕೆ, ಐದು ಕ್ರಮಸಂಖ್ಯೆಗೆ. ಭಾರತದಲ್ಲಿ ಇದನ್ನು ಕೊಡುವ ಸಂಸ್ಥೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ. ಡಿಸ್ಟ್ರಿಬ್ಯೂಟರ್ ಕೂಡ ತನ್ನ ಖಾತೆಯಿಂದ ಕೊಡುತ್ತಾರೆ. ಹೊಸ ಮಿಕ್ಸ್, ಲೈವ್ ಆವೃತ್ತಿ, ಬರೀ ವಾದ್ಯದ ಆವೃತ್ತಿ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ. ಅದೇ ಮುದ್ರಣ ಮುಂದೆ ಆಲ್ಬಮ್‌ಗೆ ಸೇರಿದರೆ ಹಳೆಯ ಸಂಖ್ಯೆಯನ್ನೇ ಬಳಸಿ, ಇಲ್ಲವಾದರೆ ಕೇಳಿದ ಲೆಕ್ಕ ಎರಡು ಕಡೆ ಒಡೆಯುತ್ತದೆ. ಈ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಎಷ್ಟು ದಿನ ಮುಂಚೆ ಕಳಿಸಬೇಕು?

ಮೂರರಿಂದ ನಾಲ್ಕು ವಾರ. ಸ್ಪಾಟಿಫೈ ಸಂಪಾದಕರ ಪ್ಲೇಲಿಸ್ಟ್‌ಗೆ ಕೋರಿಕೆ ಸಲ್ಲಿಸಲು ಕನಿಷ್ಠ 7 ದಿನ ಮೊದಲೇ ಹಾಡು ಅವರ ಬಳಿ ಇರಬೇಕು. ರಾಜ್ಯೋತ್ಸವದ ಹಾಡನ್ನು ಅಕ್ಟೋಬರ್ 28ಕ್ಕೆ ಕಳಿಸಿದರೆ ನವೆಂಬರ್ 1ಕ್ಕೆ ಬರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಒಂದು ಸ್ಟ್ರೀಮ್‌ಗೆ ಎಷ್ಟು ದುಡ್ಡು?

ನಿಗದಿತ ದರ ಇಲ್ಲ. ವೇದಿಕೆ ಒಂದು ದೇಶದಲ್ಲಿ, ಒಂದು ಬಗೆಯ ಚಂದಾದಿಂದ ಆ ತಿಂಗಳು ಬಂದ ಹಣವನ್ನು ಒಂದು ರಾಶಿ ಮಾಡಿ ಅದರಲ್ಲಿ ಹಕ್ಕುದಾರರ ಪಾಲನ್ನು ಒಟ್ಟು ಸ್ಟ್ರೀಮ್‌ಗಳಿಗೆ ಭಾಗಿಸುತ್ತದೆ. ಲೆಕ್ಕ ತಿಳಿಯಲೆಂದು ಹೀಗೆ ಇಟ್ಟುಕೊಳ್ಳೋಣ: ರಾಶಿಯಲ್ಲಿ 1 ಕೋಟಿ ರೂಪಾಯಿ, ಒಟ್ಟು ಸ್ಟ್ರೀಮ್ 10 ಕೋಟಿ. ಆಗ ಒಂದಕ್ಕೆ 10 ಪೈಸೆ. ನಿಮ್ಮ ಹಾಡಿಗೆ 50,000 ಸ್ಟ್ರೀಮ್ ಬಂದಿದ್ದರೆ 5,000 ರೂಪಾಯಿ. ಡಿಸ್ಟ್ರಿಬ್ಯೂಟರ್ 15 ಶೇಕಡಾ ಹಿಡಿದರೆ ಉಳಿಯುವುದು 4,250. ಇಬ್ಬರು ಗಾಯಕರು ಮತ್ತು ನಿರ್ಮಾಪಕರ ನಡುವೆ ಸಮವಾಗಿ ಹಂಚಿದರೆ ತಲಾ 1,416 ರೂಪಾಯಿ ಚಿಲ್ಲರೆ.

ಜಾಹೀರಾತಿನ ಉಚಿತ ಕೇಳುಗರ ರಾಶಿ ಚಿಕ್ಕದು, ಹಣ ಕೊಡುವ ಚಂದಾದಾರರ ರಾಶಿ ದೊಡ್ಡದು. ಅಮೆರಿಕದ ಚಂದಾ ದರ ಇಲ್ಲಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ನ್ಯೂಜೆರ್ಸಿಯ ಕನ್ನಡದ ಮನೆಯಲ್ಲಿ ಕೇಳಿದ ಒಂದು ಸ್ಟ್ರೀಮ್, ಹುಬ್ಬಳ್ಳಿಯಲ್ಲಿ ಉಚಿತವಾಗಿ ಕೇಳಿದ ಹಲವು ಸ್ಟ್ರೀಮ್‌ಗೆ ಸಮ. ಹೊರದೇಶದ ಕನ್ನಡ ಕೂಟಗಳಿಗೆ ಕೊಂಡಿ ಕಳಿಸುವುದು ಅಭಿಮಾನದ ಕೆಲಸವಷ್ಟೇ ಅಲ್ಲ. ವರದಿ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ.

ಸ್ಟ್ರೀಮ್ ಕಾಣುತ್ತಿದೆ, ಹಣ ಮಾತ್ರ ಸೊನ್ನೆ. ಯಾಕೆ?

2024ರಿಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಮಾಸ್ಟರ್ ರಾಯಧನ ಕೊಡುತ್ತಿಲ್ಲ. ಈ ನಿಯಮ ನಮ್ಮಂಥ ಭಾಷೆಗಳ ಸಣ್ಣ ಕಲಾವಿದರ ಮೇಲೆ ಭಾರವಾಗಿ ಬಿದ್ದಿದೆ. ಸಂಖ್ಯೆ ಮುಟ್ಟಿಸಲೆಂದು ‘10,000 ಸ್ಟ್ರೀಮ್ ಗ್ಯಾರಂಟಿ’ ಮಾರುವವರ ಹತ್ತಿರ ಹೋಗಬೇಡಿ. ಕೃತಕ ಸ್ಟ್ರೀಮ್ ಪತ್ತೆಯಾದರೆ ಸ್ಪಾಟಿಫೈ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ನಿಮ್ಮಿಂದ ವಸೂಲು ಮಾಡಬಹುದು, ನಿಮ್ಮ ಎಲ್ಲ ಹಾಡುಗಳನ್ನೂ ಇಳಿಸಬಹುದು.

ನನ್ನದೇ ಹಾಡಿಗೆ ಯೂಟ್ಯೂಬ್‌ನಲ್ಲಿ ಬೇರೆಯವರ ಕ್ಲೇಮ್ (ಇದು ನಮ್ಮದೆಂಬ ಹಕ್ಕೊತ್ತಾಯ) ಬಂದಿದೆ. ಏನು ಮಾಡಲಿ?

ಮೊದಲು ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಕ್ಲೇಮ್ ಇದೆ ನೋಡಿ. ಕ್ಲೇಮ್ ಮಾಡಿರುವುದು ನಿಮ್ಮದೇ ಡಿಸ್ಟ್ರಿಬ್ಯೂಟರ್ ಆಗಿದ್ದರೆ ನಿಮ್ಮ ಚಾನೆಲ್ ಅನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಹೇಳಿ.

ಬೇರೆಯವರದ್ದಾದರೆ ಮುಖ್ಯ ಕಾರಣ ಸಾಮಾನ್ಯವಾಗಿ ಲೂಪ್, ಅಂದರೆ ಸುತ್ತಿ ಸುತ್ತಿ ಬರುವ ಸಿದ್ಧ ವಾದ್ಯದ ತುಣುಕು. ವಾದ್ಯ ಸಂಯೋಜಕರು ಒಂದು ಸ್ಯಾಂಪಲ್ ಸಂಗ್ರಹದಿಂದ ತಬಲ ಲೂಪ್, ತಂಬೂರಿಯ ಶ್ರುತಿ ಎತ್ತಿಕೊಂಡಿರುತ್ತಾರೆ. ಅದೇ ಲೂಪ್ ಕೊಂಡ ಮತ್ತೊಬ್ಬರು ತಮ್ಮ ಹಾಡನ್ನು ಕಂಟೆಂಟ್ ಐಡಿಗೆ ಮೊದಲೇ ಹಾಕಿರುತ್ತಾರೆ. ನಿಮ್ಮ ಹಾಡಿನ ಆರಂಭದಲ್ಲಿ ಎಂಟು ಮಾತ್ರೆಯ ಆ ಲೂಪ್ ಒಂಟಿಯಾಗಿ 15 ಸೆಕೆಂಡ್ ನುಡಿದರೆ ಯಂತ್ರಕ್ಕೆ ಎರಡೂ ಒಂದೇ. ದನಿ ಸೇರಿದ ಮೇಲೆ ಕ್ಲೇಮ್ ನಿಂತುಹೋಗುವುದು ಇದಕ್ಕೇ ಗುರುತು.

ಲೂಪ್‌ನ ಲೈಸೆನ್ಸ್ ರಸೀದಿ ಇಟ್ಟುಕೊಂಡು ಡಿಸ್ಪ್ಯೂಟ್ (ಆಕ್ಷೇಪಣೆ) ಸಲ್ಲಿಸಿ. ಎದುರಿನವರಿಗೆ ಉತ್ತರಿಸಲು 30 ದಿನ. ತಿರಸ್ಕರಿಸಿದರೆ ಅಪೀಲ್ ಮಾಡಿ, ಅದಕ್ಕೆ 7 ದಿನ. ಕ್ಲೇಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಮಾಡಿದರೆ ಮೊದಲ ದಿನದಿಂದ ಬಂದ ಹಣವನ್ನು ಯೂಟ್ಯೂಬ್ ಪಕ್ಕಕ್ಕೆ ಇಟ್ಟಿರುತ್ತದೆ, ಗೆದ್ದವರಿಗೆ ಸಿಗುತ್ತದೆ. ತಡಮಾಡಿದರೆ ಆ ದಿನಗಳ ಹಣ ಹೋಯಿತು. ಹಾಗೆಯೇ, ಲೂಪ್ ಬಳಸಿದ ಹಾಡನ್ನು ನೀವೂ ಕಂಟೆಂಟ್ ಐಡಿಗೆ ಹಾಕಬೇಡಿ, ಅದು ನಿಮ್ಮೊಬ್ಬರದೇ ಧ್ವನಿಯಲ್ಲ. ತಬಲ ಕಲಾವಿದರನ್ನು ಕರೆಸಿ ನುಡಿಸಿದರೆ ಈ ರಗಳೆಯೇ ಇರುವುದಿಲ್ಲ, ಹಾಡೂ ಉಸಿರಾಡುತ್ತದೆ.

ಕವಿಗೂ ಸಂಯೋಜಕರಿಗೂ ಹಣ ಹೇಗೆ ಬರುತ್ತದೆ?

1969ರಲ್ಲಿ ಆರಂಭವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್ ಮೂಲಕ. ಸ್ಟ್ರೀಮಿಂಗ್ ಸಂಸ್ಥೆಗಳು, ಪ್ರಸಾರಕರು, ಕಾರ್ಯಕ್ರಮ ನಡೆಸುವವರಿಂದ ಕೃತಿಯ ಪಾಲನ್ನು ವಸೂಲು ಮಾಡಿ ಅದು ಸದಸ್ಯರಿಗೆ ಹಂಚುತ್ತದೆ. ಸದಸ್ಯರಾದರಷ್ಟೇ ಸಾಲದು, ಪ್ರತಿ ಹಾಡನ್ನೂ ಹೆಸರು, ಐಎಸ್‌ಆರ್‌ಸಿ, ಯಾರಿಗೆ ಎಷ್ಟು ಪಾಲು ಎಂಬುದರೊಂದಿಗೆ ದಾಖಲಿಸಬೇಕು. ಕವಿ ತೀರಿಕೊಂಡಿದ್ದರೆ ಕಾನೂನುಬದ್ಧ ವಾರಸುದಾರರು ಸೇರಬಹುದು. ಸ್ಟುಡಿಯೋದಿಂದ ಹೊರಡುವ ಮುನ್ನವೇ ಒಂದು ಹಾಳೆಯಲ್ಲಿ ಪಾಲುಗಳನ್ನು ಬರೆದು ಎಲ್ಲರೂ ಸಹಿ ಹಾಕಿ. ಹಾಡು ಜನಪ್ರಿಯವಾದ ಮೇಲೆ ಈ ಮಾತು ಕಷ್ಟ.

ಆಡಿಯೋ ಕಂಪನಿಯೊಂದು ಒಂದೇ ಗಂಟಿನಲ್ಲಿ ಹಣ ಕೊಟ್ಟು ಹಾಡು ಕೇಳುತ್ತಿದೆ. ಕೊಡಬಹುದೇ?

ಕೊಡಬಹುದು, ಒಪ್ಪಂದ ಓದಿ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು. ಅವಧಿ ಬರೆಯದಿದ್ದರೆ ಕಾಯಿದೆಯ ಪ್ರಕಾರ 5 ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ಷರತ್ತು ಇಲ್ಲದಿದ್ದಲ್ಲಿ, ವರ್ಗಾವಣೆ ಬಿದ್ದುಹೋಗುತ್ತದೆ. ಆದ್ದರಿಂದಲೇ ಒಪ್ಪಂದಗಳಲ್ಲಿ ‘ಶಾಶ್ವತವಾಗಿ, ಇಡೀ ವಿಶ್ವದಲ್ಲಿ’ ಎಂಬ ಸಾಲು ಇರುತ್ತದೆ. ಅದನ್ನು 10 ವರ್ಷಕ್ಕೆ ಇಳಿಸಲು ಕೇಳಿ.

2012ರ ತಿದ್ದುಪಡಿ ಇನ್ನೊಂದು ಕಾವಲು ಕೊಟ್ಟಿದೆ. ಕವಿ ಮತ್ತು ಸಂಯೋಜಕರು ತಮ್ಮ ರಾಯಧನದ ಸಮಪಾಲನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರಾರಿಗೂ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡರೂ ಅದು ಅಸಿಂಧು.

ಮನೆಯಲ್ಲಿ ಅಪ್ಪ ಹಾಡಿದ ಕ್ಯಾಸೆಟ್ ಇದೆ. ಡಿಜಿಟಲ್ ಮಾಡಿ ಬಿಡುಗಡೆ ಮಾಡಬಹುದೇ?

ಕಂಪನಿ ಹೊರತಂದ ಕ್ಯಾಸೆಟ್ ಆದರೆ ಮಾಸ್ಟರ್ ಕಂಪನಿಯದು. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ, ಉದಾಹರಣೆಗೆ 1964ರಲ್ಲಿ ಹೊರಬಂದದ್ದು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಕಂಪನಿ ಮುಚ್ಚಿದ್ದರೂ ಹಕ್ಕು ಯಾರಿಗಾದರೂ ಮಾರಾಟವಾಗಿರಬಹುದು. ಮನೆಯಲ್ಲೇ ಮಾಡಿಕೊಂಡ ರೆಕಾರ್ಡಿಂಗ್ ಆದರೆ ಸಾಹಿತ್ಯ, ರಾಗದ ಹಕ್ಕು ನೋಡಿಕೊಂಡು ಮುಂದುವರಿಯಬಹುದು.

ಯಾವುದೇ ಇದ್ದರೂ ಪ್ರತಿ ಮಾಡಿಡಲು ತಡಮಾಡಬೇಡಿ, ಟೇಪ್ ಕಾಯುವುದಿಲ್ಲ. ಡೆಕ್‌ನ ಹೆಡ್ ಮತ್ತು ರಬ್ಬರ್ ಉರುಳೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ ಅನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಪದರಗಳು ಬಿಡುತ್ತವೆ. ಆಮೇಲೆ ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳುತ್ತಾ ಹೆಡ್‌ನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ. ‘ಸ’, ‘ಶ’ ಅಕ್ಷರಗಳು, ತಾಳದ ಕಿಣಿಕಿಣಿ ಇದ್ದಕ್ಕಿದ್ದಂತೆ ಚುರುಕಾಗುವ ಜಾಗ ಒಂದಿರುತ್ತದೆ. ಅಲ್ಲಿ ನಿಲ್ಲಿಸಿ. ಈ ಹೆಜ್ಜೆ ಬಿಟ್ಟು ಆಮೇಲೆ ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಏರಿಸಿದರೆ ಸಿಗುವುದು ಬರೀ ಹಿಸ್, ಅಂದರೆ ಟೇಪಿನ ಸುಯ್ಯೆನ್ನುವ ಸದ್ದು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಸೆರೆಹಿಡಿದು, ಶಬ್ದ ತೆಗೆಯದ ಮೂಲ ಪ್ರತಿಯನ್ನು ಎರಡು ಬೇರೆ ಜಾಗದಲ್ಲಿ ಇಡಿ.

ತೆರಿಗೆ?

ಅಮೆರಿಕದ ಸಂಸ್ಥೆಗಳಿಂದ ಹಣ ಬರುವುದಾದರೆ ಡಬ್ಲ್ಯು-8ಬೆನ್ ನಮೂನೆಯನ್ನು ಪ್ಯಾನ್ ಸಂಖ್ಯೆಯೊಂದಿಗೆ ತುಂಬಿ. ಎರಡು ದೇಶಗಳ ಒಪ್ಪಂದದಿಂದ ಅಲ್ಲಿನ ಗಳಿಕೆಯ ಮೇಲಿನ ಕಡಿತ 30 ಶೇಕಡಾದಿಂದ 15ಕ್ಕೆ ಇಳಿಯುತ್ತದೆ. ಕಡಿತದ ಪತ್ರ ಉಳಿಸಿಕೊಂಡರೆ ಇಲ್ಲಿನ ರಿಟರ್ನ್ಸ್‌ನಲ್ಲಿ ಅದರ ಲಾಭ ಕೇಳಬಹುದು.

ಎಐ ಬಳಸಿ ದಿವಂಗತ ಗಾಯಕರ ದನಿಯಲ್ಲಿ ಹಾಡಿಸಬಹುದೇ?

ಕುಟುಂಬದ ಲಿಖಿತ ಒಪ್ಪಿಗೆಯಿಲ್ಲದೆ ಖಂಡಿತ ಬೇಡ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಹೀಗೆ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ರಕ್ಷಣೆ ಕೊಟ್ಟಿದೆ. ಹಿಸ್ ತೆಗೆಯಲು, ದನಿ ಮತ್ತು ವಾದ್ಯ ಬೇರ್ಪಡಿಸಲು ಎಐ ಬಳಸುವುದು ಬೇರೆ ಮಾತು, ಅದು ಒಳ್ಳೆಯ ಉಪಕರಣ.

ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಇದುವರೆಗಿನ ಸ್ಟ್ರೀಮ್ ಎಣಿಕೆ ಹೋಗುತ್ತದೆಯೇ?

ಸರಿಯಾಗಿ ಮಾಡಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಹಳೆಯ ಖಾತೆಯಿಂದ ಐಎಸ್‌ಆರ್‌ಸಿ ಮತ್ತು ಯುಪಿಸಿ (ಇಡೀ ಬಿಡುಗಡೆಯ ಗುರುತು) ಸಂಖ್ಯೆ ಬರೆದುಕೊಳ್ಳಿ. ಹೊಸ ಕಡೆ ಅದೇ ವೇವ್ ಫೈಲ್, ಅದೇ ಹೆಸರು, ಅದೇ ಕಾಗುಣಿತ, ಅದೇ ಮೂಲ ಬಿಡುಗಡೆ ದಿನಾಂಕ ಕೊಟ್ಟು ಅಪ್‌ಲೋಡ್ ಮಾಡಿ. ಹೊಸ ಪ್ರತಿ ಎಲ್ಲ ವೇದಿಕೆಗಳಲ್ಲೂ ಕಾಣಿಸಿಕೊಂಡು, ಎರಡರಲ್ಲೂ ಒಂದೇ ಎಣಿಕೆ ತೋರುವವರೆಗೆ ಕಾಯಿರಿ, ಸಾಮಾನ್ಯವಾಗಿ ಒಂದೆರಡು ವಾರ. ಆಮೇಲಷ್ಟೇ ಹಳೆಯ ಕಡೆ ಇಳಿಸಲು ಹೇಳಿ. ಮೊದಲೇ ಇಳಿಸಿಬಿಟ್ಟರೆ ಜನರ ಪ್ಲೇಲಿಸ್ಟ್‌ಗಳಿಂದ ಹಾಡು ಉದುರಿಹೋಗುತ್ತದೆ, ಅದನ್ನು ಮತ್ತೆ ಸೇರಿಸಿ ಎಂದು ಒಬ್ಬೊಬ್ಬ ಕೇಳುಗರನ್ನೂ ಕೇಳಬೇಕಾಗುತ್ತದೆ. ಹಳೆಯ ಖಾತೆಯನ್ನು ಮಾತ್ರ ತಕ್ಷಣ ಮುಚ್ಚಬೇಡಿ, ಕೊನೆಯ ಎರಡು ಮೂರು ತಿಂಗಳ ಹಣ ಇನ್ನೂ ಅಲ್ಲಿಗೇ ಬರಬೇಕಿರುತ್ತದೆ.